ಮಣ್ಣಿನ ಕಸುವಿಗೆ ಮ್ಯಾಟಿನ ಲೆಕ್ಕ ಬೇಕು

ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಕುಸ್ತಿ ಕಣದ ಸುತ್ತ ಸೇರುವ ಜನರನ್ನು ಕಂಡವರಿಗೆ ಮಲ್ಲವಿದ್ಯೆ ನಶಿಸಿತೆಂದು ಹೇಳಲು ಮನಸ್ಸು ಬಾರದು. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿಯೂ ಜಂಗಿ ನಿಕಾಲಿ ಕುಸ್ತಿಯೆಂದರೆ ಜನ ಇಂದಿಗೂ ಕೆಲಸ ಬಿಟ್ಟು ಬರುತ್ತಾರೆ. ಆದರೆ ಊರಿನ ಮಣ್ಣಿನಲ್ಲಿ ಗೆದ್ದ ಹುಡುಗ ಹೊರಗಿನ ಮ್ಯಾಟಿನ ಮೇಲೆ ಸೋತು ಬಂದಾಗ, ‘ಕಸುವು ಸಾಲಲಿಲ್ಲ’ ಎಂದು ನಾವು ಸುಮ್ಮನಾಗುತ್ತೇವೆ. ನನ್ನ ದೃಷ್ಟಿಯಲ್ಲಿ ಇದು ಕಸುವಿನ ಪ್ರಶ್ನೆಯಲ್ಲ, ಚಲನಶಾಸ್ತ್ರದ ಪ್ರಶ್ನೆ.

ಕುಸ್ತಿಯೆಂಬುದು ಮೂಲತಃ ಗುರುತ್ವಕೇಂದ್ರದ ವ್ಯಾಜ್ಯ. ನೆಟ್ಟಗೆ ನಿಂತವನಲ್ಲಿ ಆ ಬಿಂದು ಹೊಕ್ಕುಳಿನ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಇಳಿಬಿಟ್ಟ ಲಂಬರೇಖೆ ಪಾದಗಳ ನಡುವಣ ಆವರಣದಿಂದ ಹೊರಗೆ ಸರಿದರೆ ಪೈಲವಾನ ಉರುಳುತ್ತಾನೆ. ಮೊಣಕಾಲು ಮಡಿಸು, ಕಾಲು ಅಗಲಿಸು ಎಂಬ ವಸ್ತಾದರ ಮಾತಿನ ಹಿಂದಿರುವುದು ಇದೇ ತತ್ತ್ವ. ಹಿಮದ ಇಳಿಜಾರಿನ ಸ್ಲಾಲಮ್ ಸ್ಕೀಯಿಂಗ್ ಸ್ಪರ್ಧಿಯನ್ನೂ ಕಾಯುವುದು ಸಮತೋಲನದ ನಿಯಮವೇ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 10 ಮೀಟರ್ ತ್ರಿಜ್ಯದ ತಿರುವು ಹಿಡಿಯುವವನು ಸುಮಾರು 45 ಡಿಗ್ರಿ ಒಳಕ್ಕೆ ವಾಲಲೇಬೇಕು. ಆಗ ಅವನ ಕಾಲುಗಳು ದೇಹತೂಕದ ಸುಮಾರು 1.4 ಪಟ್ಟು ಹೊರೆ ಹೊರುತ್ತವೆ. ಅಲ್ಲಿ ಇದನ್ನು ಅಳೆದು ತಿದ್ದುತ್ತಾರೆ. ನಮ್ಮಲ್ಲಿ ಇನ್ನೂ ಕಣ್ಣಂದಾಜೇ ಆಧಾರ.

ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದಗೊಳಿಸಿದ ಗರಡಿಯ ಮಣ್ಣಿನಲ್ಲಿ ಪಾದ ತುಸು ಹೂಳುತ್ತದೆ. ಚಲನೆ ನಿಧಾನ, ಹಿಡಿತ ದೀರ್ಘ. ಮ್ಯಾಟು ಹಾಗಲ್ಲ. ಅದರ ಮೇಲೆ ಎದುರಾಳಿ ಕ್ಷಣಾರ್ಧದಲ್ಲಿ ಕಾಲಿಗೆ ನುಗ್ಗುತ್ತಾನೆ. ಅಂತರರಾಷ್ಟ್ರೀಯ ನಿಯಮದಂತೆ ತಲಾ 3 ನಿಮಿಷಗಳ ಎರಡು ಸುತ್ತು, ನಡುವೆ 30 ಸೆಕೆಂಡು ವಿರಾಮ. ಚಿತ್ ಮಾಡದೆಯೂ ಅಂಕಗಳಿಂದ ಗೆಲ್ಲಬಹುದು. ತಾಸುಗಟ್ಟಲೆ ತಾಳುವ ಉಸಿರು ಬೇರೆ, ಆರು ನಿಮಿಷದಲ್ಲಿ ಸ್ಫೋಟಿಸುವ ಬಲ ಬೇರೆ. ಮ್ಯಾಟಿನಲ್ಲಿ ಪಾದ ಕಚ್ಚಿಕೊಂಡು ಮೈ ತಿರುಗಿದರೆ ಮೊಣಕಾಲಿನ ಅಸ್ಥಿರಜ್ಜು ಹರಿಯುವ ಅಪಾಯವೂ ಇದೆ. ರೈತನ ಮಗನಿಗೆ ಅದು ಆಟದ ಸೋಲಷ್ಟೇ ಅಲ್ಲ, ದುಡಿಮೆಯ ನಷ್ಟ.

ನೆರೆಯ ಕೊಲ್ಹಾಪುರದಲ್ಲಿ ಪಳಗಿದ ಖಾಶಾಬಾ ಜಾಧವ್ ಅವರ ಉದಾಹರಣೆ ನಮ್ಮ ಮುಂದಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಅಭ್ಯಾಸವಿಲ್ಲದ ಮ್ಯಾಟಿನ ಮೇಲೆ, ಅವರು ಆರನೆಯವರಾದರು. ನಾಲ್ಕು ವರ್ಷಗಳ ಬಳಿಕ, 1952ರಲ್ಲಿ, ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಮಣ್ಣು ಅವರಿಗೆ ಅಡ್ಡಿಯಾಗಲಿಲ್ಲ; ಹೊಸ ನೆಲವನ್ನು ಅರಿಯಲು ಅವಕಾಶ ಬೇಕಿತ್ತು, ಅಷ್ಟೆ.

ಮ್ಯಾಟು ಬಂದರೆ ಗರಡಿ ಅಳಿಯುತ್ತದೆಂಬ ಹಿರಿಯರ ಆತಂಕ ನಿರಾಧಾರವೇನಲ್ಲ. ಆದ್ದರಿಂದ ಒಂದನ್ನು ಕಿತ್ತು ಇನ್ನೊಂದನ್ನು ನೆಡುವುದು ಬೇಡ. ಬೆಳಿಗ್ಗೆ ಮಣ್ಣು, ಸಂಜೆ ಮ್ಯಾಟು ಎಂಬ ವ್ಯವಸ್ಥೆ ಸಾಧ್ಯವಿದೆ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಪೂರ್ಣ ಅಳತೆಯ ಒಂದೊಂದು ಮ್ಯಾಟು, ಒಬ್ಬೊಬ್ಬ ತರಬೇತುದಾರ. ನಾಲ್ಕಕ್ಕೂ ಸೇರಿ ಒಬ್ಬ ಫಿಸಿಯೋಥೆರಪಿಸ್ಟ್ ಇರಲಿ. ಪಟ್ಟನ್ನು ನಿಧಾನಗತಿಯಲ್ಲಿ ಚಿತ್ರಿಸಿ ತಿದ್ದಲು ಮೊಬೈಲ್ ಫೋನೇ ಸಾಕು.

ಆಡಳಿತದಲ್ಲಿ ವರ್ಷಗಳನ್ನು ಕಳೆದ ನನಗೆ ಗೊತ್ತಿರುವ ಒಂದು ಮಾತು: ಕಟ್ಟಡಕ್ಕೆ ಉದ್ಘಾಟನೆಯಿದೆ, ತರಬೇತುದಾರನ ಸಂಬಳಕ್ಕೆ ಉದ್ಘಾಟನೆಯಿಲ್ಲ. ಹಾಗಾಗಿಯೇ ಮೊದಲನೆಯದಕ್ಕೆ ಹಣ ಸುಲಭವಾಗಿ ದೊರೆಯುತ್ತದೆ. ಅರ್ಥಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧ: ಮುಂದಿನ ರೂಪಾಯಿಯನ್ನು ಹೆಚ್ಚು ಫಲ ಕೊಡುವಲ್ಲಿ ಹಾಕಬೇಕು. ಉತ್ಸವದ ಕಣದಲ್ಲಿ ಶಾಲು ಹೊದಿಸಿ ಕಳುಹಿಸಿದ ಹುಡುಗನ ಮೊಣಕಾಲನ್ನು ಕಾಯುವುದೂ ನಮ್ಮ ಹೊಣೆಯೇ.