ಕುದುರೆಯ ಲಾಯಕ್ಕಿಂತ ಮೊದಲು ಮೇವಿನ ಹೊಲ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡಿಗೂ ಕುದುರೆಗೂ ಇರುವ ಸಂಬಂಧವು ಬಹು ಹಳೆಯದು. ಈ ನೆಲಕ್ಕಾಗಿ ವಿಜಯನಗರದ ಅರಸರು ಮೊದಲು ಬಹಮನಿ ಸುಲ್ತಾನರೊಡನೆಯೂ, ತರುವಾಯ ಬಿಜಾಪುರದ ಆದಿಲಶಾಹಿಗಳೊಡನೆಯೂ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ಕಾಲಕ್ಕೆ ಅರಬಸ್ತಾನ ಪಾರಸಿ ದೇಶಗಳ ಕುದುರೆಗಳು ಸಮುದ್ರವನ್ನು ದಾಟಿ ಈ ಸೀಮೆಗೆ ಬರುತ್ತಿದ್ದುವು. ಲಿಂಗಸುಗೂರು ಮುಂದೆ ಹೈದರಾಬಾದು ಕಂಟಿಂಜೆಂಟು ಸೈನ್ಯದ ದಂಡಿನ ಊರಾಗಿತ್ತು. ಮಳೆಗಾಲದ ಎರೆಹಾದಿಯಲ್ಲಿ ಬಂಡಿಯ ಗಾಲಿಯು ಹೂತು ನಿಲ್ಲುತ್ತಿದ್ದ ದಿನಗಳಲ್ಲಿ ಗೌಡರ ಬಾಗಿಲ ಕುದುರೆಯು ಶೋಭೆಗಾಗಿ ಮಾತ್ರ ನಿಂತುದಲ್ಲ, ಕೆಲಸಕ್ಕಾಗಿ ನಿಂತುದು.

ಆ ಕಾಲವು ಕಳೆಯಿತು. ಜಾನುವಾರು ಗಣತಿಯ ಪ್ರಕಾರ 2012ರಲ್ಲಿ ಭಾರತದಲ್ಲಿ ಸುಮಾರು 6.25 ಲಕ್ಷ ಕುದುರೆ ತಟ್ಟುಗಳಿದ್ದುವು. 2019ರಲ್ಲಿ ಅವು ಸುಮಾರು 3.4 ಲಕ್ಷಕ್ಕೆ ಇಳಿದುವು. ಆದರೂ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಗೊರೇಬಾಳದಂಥ ಊರುಗಳಲ್ಲಿ ಜಾತ್ರೆಗೆಂದೋ, ಮದುವೆಯ ಮೆರವಣಿಗೆಗೆಂದೋ, ಹಿರಿಯರ ಕಾಲದ ಮರ್ಯಾದೆಗೆಂದೋ ಕುದುರೆಯನ್ನು ಕಟ್ಟಬೇಕೆಂಬ ಆಸೆಯು ಸ್ಥಿತಿವಂತರಲ್ಲಿ ಬತ್ತಿಲ್ಲ. ಆಸೆಯು ತಪ್ಪಲ್ಲ. ಆದರೆ ಕುದುರೆಯನ್ನು ಕೊಳ್ಳುವ ಮೊದಲು ಅದರ ಮೇವಿಗಾಗಿ ಒಂದು ತುಂಡು ಭೂಮಿಯನ್ನು ಬಿಡಲು ಒಪ್ಪದ ಭೂಮಾಲಿಕನು ಕುದುರೆಯನ್ನು ಕಟ್ಟದಿರುವುದೇ ಲೇಸು. ಮಾತು ಕಠಿಣವೆಂದು ತೋರಬಹುದು. ಕಾರಣವನ್ನು ವಿಚಾರಿಸಿದರೆ ಇದರ ಯುಕ್ತತೆಯು ತಿಳಿಯುವುದು.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ನೀರು ಬಿಡಲಾಯಿತು. ಎಡದಂಡೆಯ ಕಾಲುವೆಯು ಬಹುಮಟ್ಟಿಗೆ ಜೋಳ, ಹತ್ತಿ ಮೊದಲಾದ ಲಘು ನೀರಾವರಿಯ ಬೆಳೆಗಳಿಗೆಂದು ಯೋಜಿತವಾದುದು. ಆದರೆ ನೀರು ಕಂಡ ನೆಲದಲ್ಲಿ ನೆಲ್ಲು ವ್ಯಾಪಿಸಿತು. ಜೋಳವು ಹಿಂದೆ ಸರಿಯಿತು. ಇದರಿಂದ ಒಕ್ಕಲಿಗನ ಕೈಗೆ ಹಣ ಬಂದುದು ನಿಜ. ಆದರೆ ಹೊಲದ ಬೆಳೆಯು ಬದಲಾದೊಡನೆ ಗೋದಲಿಯ ಮೇವೂ ಬದಲಾಯಿತೆಂಬುದನ್ನು ಬಹು ಜನರು ಲಕ್ಷಿಸಲಿಲ್ಲ. ಕಣಿಕೆಯ ಬಣವೆಯಿದ್ದ ಹಿತ್ತಿಲಲ್ಲಿ ಈಗ ನೆಲ್ಲುಹುಲ್ಲಿನ ಬಣವೆಯಿದೆ. ಹುರುಳಿಯ ಚೀಲವಿದ್ದ ಮೂಲೆಯಲ್ಲಿ ಅಕ್ಕಿಗಿರಣಿಯ ತೌಡಿನ ಚೀಲವಿದೆ.

ಎತ್ತು ಎಮ್ಮೆಗಳು ಮೆಲುಕು ಹಾಕುವ ಪ್ರಾಣಿಗಳಾದುದರಿಂದ ನೆಲ್ಲುಹುಲ್ಲನ್ನು ತಿಂದು ಹೇಗೋ ಕಾಲ ಕಳೆಯುತ್ತವೆ. ಅವುಗಳಿಗೂ ಅದೊಂದೇ ಸಾಲದು, ಏಕೆಂದರೆ ಅದರಲ್ಲಿ ಪೌಷ್ಟಿಕಾಂಶವು ಅತ್ಯಲ್ಪ. ಕುದುರೆಯ ಸ್ಥಿತಿಯು ಬೇರೆ. ಅದು ಮೆಲುಕು ಹಾಕುವುದಿಲ್ಲ. ಅದರ ಜಠರವು ಶರೀರದ ಗಾತ್ರಕ್ಕೆ ಬಹು ಚಿಕ್ಕದು. ತಿಂದುದನ್ನು ವಾಂತಿ ಮಾಡಲು ಅದಕ್ಕೆ ಸಾಧ್ಯವಿಲ್ಲ. ಒರಟಾದ ಒಣಹುಲ್ಲನ್ನೇ ತಿಂದು, ಸಾಕಷ್ಟು ನೀರು ದೊರೆಯದೆ ಹೋದರೆ, ಕರುಳಿನಲ್ಲಿ ಮೇವು ಗಟ್ಟಿಯಾಗಿ ನಿಂತು ಹೊಟ್ಟೆಶೂಲೆ ಹುಟ್ಟುತ್ತದೆ. ಇದರಿಂದ ಕುದುರೆಯು ಒಂದೆರಡು ದಿನಗಳಲ್ಲಿಯೇ ಸಾಯುವ ಸಂಭವವುಂಟು.

ತೌಡಿನ ಕೇಡು ಇದಕ್ಕಿಂತ ಮೆಲ್ಲನೆ ಬರುತ್ತದೆ, ಆದುದರಿಂದ ಹೆಚ್ಚು ಮೋಸ ಮಾಡುತ್ತದೆ. ಕುದುರೆಯ ಆಹಾರದಲ್ಲಿ ಸುಣ್ಣದ ಅಂಶವು ರಂಜಕದ ಅಂಶಕ್ಕೆ ಸಮನಾಗಿಯಾದರೂ ಇರಬೇಕು. ಒಂದೂವರೆ ಪಾಲಿದ್ದರೆ ಉತ್ತಮ. ಅಕ್ಕಿಯ ತೌಡಿನಲ್ಲಿಯಾದರೋ ರಂಜಕವು ಸುಣ್ಣದ ಹತ್ತು ಪಟ್ಟಿಗಿಂತ ಹೆಚ್ಚು. ಇದರ ಮೇಲೆ ನೆಲ್ಲುಹುಲ್ಲಿನಲ್ಲಿರುವ ಆಕ್ಸಲೇಟು ಎಂಬ ಲವಣವು ಮೇವಿನಲ್ಲಿರುವ ಅಲ್ಪ ಸುಣ್ಣವನ್ನೂ ಕಟ್ಟಿಹಾಕುತ್ತದೆ. ಆಗ ಶರೀರವು ತನಗೆ ಬೇಕಾದ ಸುಣ್ಣವನ್ನು ತನ್ನ ಎಲುಬುಗಳಿಂದಲೇ ತೆಗೆದುಕೊಳ್ಳುತ್ತದೆ. ತಿಂಗಳುಗಳು ಕಳೆದ ಮೇಲೆ ಕುದುರೆಯು ಒಮ್ಮೆ ಈ ಕಾಲನ್ನು, ಒಮ್ಮೆ ಆ ಕಾಲನ್ನು ಕುಂಟುತ್ತದೆ. ಮೇವನ್ನು ಅಗಿಯಲು ಕಷ್ಟಪಡುತ್ತದೆ. ಮುಖದ ಎಲುಬುಗಳು ಎರಡು ಕಡೆಯೂ ಊದಿಕೊಳ್ಳುತ್ತವೆ. ಹಿಂದೆ ಹಿಟ್ಟಿನ ಗಿರಣಿಯವರ ಕುದುರೆಗಳಲ್ಲಿ ಇದು ಹೆಚ್ಚಾಗಿ ಕಂಡುಬಂದುದರಿಂದ ಇಂಗ್ಲೆಂಡಿನಲ್ಲಿ ಇದಕ್ಕೆ ಗಿರಣಿಯವರ ರೋಗವೆಂದೇ ಹೆಸರಾಯಿತು. ಕಾಲಿಗೆ ಪಟ್ಟು ಹಾಕುವುದರಿಂದಾಗಲಿ ಲಾಳವನ್ನು ಬದಲಿಸುವುದರಿಂದಾಗಲಿ ಇದು ವಾಸಿಯಾಗತಕ್ಕದ್ದಲ್ಲ. ರೋಗವು ಕಾಲಿನಲ್ಲಿಲ್ಲ, ಗೋದಲಿಯಲ್ಲಿದೆ.

ಇದು ಹೊಸ ಪಾಠವೂ ಅಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ ಎಂಬ ಪ್ರವಾಸಿಯು, ಅಲ್ಲಿಯ ಅರಸರು ಅಪಾರ ಹಣ ಕೊಟ್ಟು ತರಿಸಿದ ಕುದುರೆಗಳಿಗೆ ಬೇಯಿಸಿದ ಅನ್ನ ಮಾಂಸಗಳನ್ನು ತಿನ್ನಿಸುತ್ತಿದ್ದರೆಂದೂ, ಸರಿಯಾದ ಆರೈಕೆಯನ್ನು ಬಲ್ಲವರಿಲ್ಲದೆ ಅವು ಬೇಗ ಸಾಯುತ್ತಿದ್ದುವೆಂದೂ ಬರೆದಿದ್ದಾನೆ. ಮದುವೆಯ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಕುದುರೆಯ ಮುಂದೆ ಸುರಿಯುವವರು ಅದೇ ತಪ್ಪನ್ನು ಮಾಡುತ್ತಾರೆ. ಅನ್ನವು ಹೊಟ್ಟೆಯಲ್ಲಿ ಹುಳಿತು ಶೂಲೆಯನ್ನೂ ಗೊರಸಿನೊಳಗೆ ಉರಿಯೂತವನ್ನೂ ತರುವುದುಂಟು.

ಹಾಗಾದರೆ ಮಾಡತಕ್ಕದ್ದೇನು? ಈ ನಾಡಿನ ಸುಮಾರು 320 ಕಿಲೋಗ್ರಾಂ ತೂಕದ ಕುದುರೆಗೆ ದಿನವೊಂದಕ್ಕೆ ಆರರಿಂದ ಏಳು ಕಿಲೋಗ್ರಾಂ ಒಣ ಆಹಾರವು ಬೇಕು. ಇದರ ಹೆಚ್ಚಿನ ಪಾಲು ಮೇವೇ ಆಗಿರಬೇಕು. ನಾಲ್ಕು ಕಿಲೋಗ್ರಾಂ ಕಣಿಕೆಯನ್ನು ಸಣ್ಣಗೆ ಕತ್ತರಿಸಿ ನಾಲ್ಕು ಸಲ ಹಂಚಿ ಕೊಡಬೇಕು. ಕುದುರೆಮಸಾಲೆ ಎಂದು ಕರೆಯುವ ಲೂಸರ್ನ್ ಸೊಪ್ಪು ಹತ್ತು ಕಿಲೋಗ್ರಾಂ ಸೇರಿದರೆ ಸುಣ್ಣದ ಕೊರತೆಯು ಬಹುಮಟ್ಟಿಗೆ ನೀಗುವುದು. ದುಡಿಯುವ ದಿನ ಒಂದು ಕಿಲೋಗ್ರಾಂ ಹುರುಳಿಯನ್ನು ಚೆನ್ನಾಗಿ ಬೇಯಿಸಿ, ಆರಿಸಿ ಕೊಡಬಹುದು. ಉಪ್ಪಿನ ಗಟ್ಟಿಯೊಂದು ಗೋದಲಿಯಲ್ಲಿರಲಿ; ತೊಟ್ಟಿಯ ನೀರು ಎಂದೂ ಬತ್ತದಿರಲಿ. ತೌಡನ್ನು ಕೊಡಲೇಬೇಕಾದರೆ ಒಂದು ಹಿಡಿಗೆ ಮೀರದೆ, ಹೊಸದಾಗಿರುವಾಗಲೇ ಕೊಡಬೇಕು. ಮುಗ್ಗಿದ ತೌಡು ಯಾವ ಪ್ರಾಣಿಗೂ ಸಲ್ಲದು. ಈಗಾಗಲೇ ಕುಂಟುತ್ತಿರುವ ಕುದುರೆಯನ್ನು ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಲ್ಲಿ ಪಶು ಆಹಾರದ ಸುಣ್ಣಕಲ್ಲಿನ ಪುಡಿಯನ್ನು ಸೇರಿಸತಕ್ಕದ್ದು.

ಇಷ್ಟಕ್ಕೆ ಬೇಕಾಗುವ ಭೂಮಿಯು ಎಷ್ಟು? ಒಂದು ಕುದುರೆಗೆ ಸಾಧಾರಣವಾಗಿ ಒಂದು ಎಕರೆ ಹಿಂಗಾರಿ ಜೋಳ, ಐದು ಗುಂಟೆ ಕುದುರೆಮಸಾಲೆ. ಕುದುರೆಮಸಾಲೆಯನ್ನು ನೀರು ನಿಲ್ಲದ ಎತ್ತರದ ಮಡಿಗಳಲ್ಲಿ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಬಿತ್ತಿದರೆ, ತಿಂಗಳಿಗೊಂದು ಕೊಯ್ಲಿನಂತೆ ಎರಡು ಮೂರು ವರ್ಷ ಸೊಪ್ಪು ದೊರೆಯುವುದು. ಉಳಿದ ಸೊಪ್ಪನ್ನು ಎತ್ತುಗಳಿಗೂ ಬಾಡಿಸಿ ಕೊಡಬಹುದು. ಹಸಿಯಾಗಿ ಹೆಚ್ಚು ಕೊಟ್ಟರೆ ಅವುಗಳ ಹೊಟ್ಟೆಯುಬ್ಬುವುದು. ಜೋಳವನ್ನು ಕುದುರೆಗೆ ಹಸಿಯಾಗಿ ಎಂದೂ ಹಾಕಬಾರದು. ಎಳೆಯ ಜೋಳದ ವಿಷವು ಒಕ್ಕಲಿಗರೆಲ್ಲರಿಗೂ ಗೊತ್ತಿರತಕ್ಕದ್ದೇ. ಬೆಳೆದು ಚೆನ್ನಾಗಿ ಒಣಗಿದ ಕಣಿಕೆಯೇ ಯೋಗ್ಯವಾದುದು.

ಆ ಎಕರೆಯಲ್ಲಿ ನೆಲ್ಲು ಹಾಕಿದರೆ ಹೆಚ್ಚು ಹಣವಾಗುವುದೆಂದು ಕೆಲವರು ಆಕ್ಷೇಪಿಸುವರು. ಲೆಕ್ಕವು ಸರಿಯಾದುದೇ. ಆದರೆ ಆ ಲೆಕ್ಕದಲ್ಲಿ ಕುಂಟಿದ ಕುದುರೆಯ ಬೆಲೆಯನ್ನು ಯಾರೂ ಬರೆಯುವುದಿಲ್ಲ. ಜೋಳದ ಎಕರೆಯು ಮನೆಯವರಿಗೆ ರೊಟ್ಟಿಯನ್ನೂ ಕೊಡುವುದೆಂಬುದನ್ನೂ ಬರೆಯುವುದಿಲ್ಲ. ನೀರಿನ ಸರದಿ ಬಾರದ ವರ್ಷ ನೆಲ್ಲಿನ ಗದ್ದೆಯು ಬೀಳಾಗುತ್ತದೆ. ಎರೆಭೂಮಿಯ ಹಸಿಯಲ್ಲಿ ಜೋಳವು ಬದುಕಿಕೊಳ್ಳುತ್ತದೆ.

ಲಾಯದ ನೆಲದ ವಿಷಯವೂ ಇದರೊಡನೆ ಸೇರಿದುದು. ಎರೆಮಣ್ಣು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ಸುತ್ತಲೂ ಗದ್ದೆಯಿರುವ ಊರಿನಲ್ಲಿ ಅದು ಬೇಗ ಆರುವುದೂ ಇಲ್ಲ. ಆದುದರಿಂದ ಲಾಯದ ನೆಲವನ್ನು ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಿಸಿ, ಗರಸು ಹಾಕಿ ಬಡಿದು, ಗಂಜಲವು ಹರಿದುಹೋಗುವಂತೆ ಇಳಿಜಾರು ಕೊಡತಕ್ಕದ್ದು. ಹತ್ತಡಿ ಹನ್ನೆರಡಡಿಯ ಜಾಗ, ಎದುರುಬದುರಾಗಿ ಗಾಳಿಗಂಡಿ, ಇಷ್ಟಿದ್ದರೆ ಸಾಕು. ಇಲ್ಲಿ ನೆಲ್ಲುಹುಲ್ಲಿಗೂ ಒಂದು ಉಪಯೋಗವಿದೆ: ಮೇವು ಹೊಟ್ಟೆತುಂಬ ದೊರೆಯುವ ಕುದುರೆಗೆ ಅದು ಒಳ್ಳೆಯ ಹಾಸಿಗೆ. ಪ್ರತಿದಿನವೂ ಗೊರಸುಗಳನ್ನು ಕೆರೆದು ನೋಡಬೇಕು. ಆರೇಳು ವಾರಗಳಿಗೊಮ್ಮೆ ನಾಲಬಂದನನ್ನು ಕರೆಸಬೇಕು.

ಸವಾರಿಯಲ್ಲಿಯೂ ಮೇವಿನ ನಿಯಮವೇ ಮುಖ್ಯವಾದುದು. ವರ್ಷವಿಡೀ ಕಟ್ಟಿಹಾಕಿ, ಕಾಳು ತಿನ್ನಿಸಿ, ಜಾತ್ರೆಯ ದಿನ ಒಮ್ಮೆಲೇ ಓಡಿಸಿದ ಕುದುರೆಯ ಮಾಂಸಖಂಡಗಳು ಸೆಟೆದು, ಅದು ನಿಂತಲ್ಲಿಯೇ ನಿಲ್ಲುವುದುಂಟು. ಕೆಲಸವಿಲ್ಲದ ದಿನ ಕಾಳನ್ನು ಬಿಡಬೇಕು, ಮೇವನ್ನಲ್ಲ. ಜಾತ್ರೆಗೆ ಒಂದೂವರೆ ತಿಂಗಳ ಮೊದಲಿನಿಂದ ಪ್ರತಿದಿನ ಹೆಜ್ಜೆಯ ನಡಿಗೆಯಿಂದ ಆರಂಭಿಸಿ, ಕ್ರಮೇಣ ಓಟಕ್ಕೆ ತರಬೇಕು. ಕಾಳು ತಿಂದ ಒಂದು ಗಂಟೆಯೊಳಗೆ ಜೀನು ಹಾಕಬಾರದು.

ಊರಿನ ಹಿರಿಯನ ಕುದುರೆಯನ್ನು ಊರೇ ನೋಡುತ್ತದೆ. ಹಣೆಯ ಗೊಂಡೆಯನ್ನೂ ಬೆನ್ನಿನ ಜರಿಯ ಹೊದಿಕೆಯನ್ನೂ ಪೇಟೆಯಿಂದ ಒಂದು ದಿನದಲ್ಲಿ ತರಬಹುದು. ಕಣಿಕೆಯ ಬಣವೆಯನ್ನು ಮಾತ್ರ ಹಿಂಗಾರಿಯಲ್ಲಿ ಬಿತ್ತಿಯೇ ಪಡೆಯಬೇಕು. ಬರುವ ಜಾತ್ರೆಗೆ ಕುದುರೆ ತರುವ ಯೋಚನೆಯುಳ್ಳ ಗೌಡರು, ಈ ಸಲ ನೆಲ್ಲಿನ ಸಸಿಮಡಿಗೆ ನೀರು ಬಿಡುವ ಮೊದಲು ಆ ಒಂದು ಎಕರೆ ಯಾವುದೆಂಬುದನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.