ನುಣುಪಿನ ವಿಷಯದಲ್ಲಿ ಒಂದು ತಕರಾರು

ಯಂತ್ರವಿದ್ಯೆಯ ವಿಷಯದಲ್ಲಿ ಕನ್ನಡ ಪಂಡಿತನು ಲೇಖನಿ ಹಿಡಿಯುವುದು ಅನಧಿಕಾರ ಚೇಷ್ಟೆಯೆಂದು ಕೆಲವರು ಭಾವಿಸಬಹುದು. ಆದರೆ ಈ ತಕರಾರು ಹುಟ್ಟಿದ್ದು ಯಂತ್ರದಿಂದಲ್ಲ, ಒಂದು ಉತ್ತರಪತ್ರಿಕೆಯಿಂದ.

ಹಿಂದೆ ನಾನಿದ್ದ ಶಾಲೆಯೊಂದರಲ್ಲಿ, ಫರಸಿಕಲ್ಲಿನ ಗಣಿಯಲ್ಲಿ ದುಡಿಯುವವರ ಮಗನೊಬ್ಬನು ವಿಜ್ಞಾನದ ಪರೀಕ್ಷೆಯಲ್ಲಿ, ಪಾಲಿಶ್ ಆದ ಎರಡು ಫರಸಿಗಳ ನಡುವೆ ನೀರು ಬಿದ್ದರೆ ಅವು ಅಂಟಿಕೊಂಡು ಬಿಡಿಸಲು ಬಾರವು, ಒರಟು ಕಲ್ಲು ಹಾಗೆ ಅಂಟದು ಎಂದು ಬರೆದಿದ್ದನು. ಮೇಲ್ಮೈ ನುಣುಪಾದಷ್ಟೂ ಘರ್ಷಣೆ ಕಡಿಮೆ ಎಂಬ ಪುಸ್ತಕದ ವಾಕ್ಯವನ್ನು ಅವನು ಬರೆಯಲಿಲ್ಲವೆಂದು ಸೊನ್ನೆ ಬಿತ್ತು. ಅಂಟುವುದು ಬೇರೆ, ಘರ್ಷಣೆ ಬೇರೆ ಎಂಬುದು ನಿಜ. ಆದರೂ ಆ ಬಾಲಕನ ಸಂದೇಹವು ಪುಸ್ತಕದ ವಾಕ್ಯಕ್ಕಿಂತ ಸತ್ಯಕ್ಕೆ ಹತ್ತಿರವಾಗಿತ್ತು.

ವಾಡಿ, ಸೇಡಂಗಳಿಂದ ಸಿಮೆಂಟು ಹೊತ್ತು ಸಾಗುವ ಲಾರಿಗಳ ಎಂಜಿನ್ನನ್ನೇ ನೋಡೋಣ. ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಹೋನಿಂಗ್ ಎಂಬ ಕ್ರಿಯೆಯಿಂದ ಅದರ ಮೇಲೆ ಒಂದನ್ನೊಂದು ಕತ್ತರಿಸುವ ಸೂಕ್ಷ್ಮ ಗೀರುಗಳನ್ನು ಬೇಕೆಂದೇ ಎಳೆಯುತ್ತಾರೆ. ಗೀರುಗಳಿಲ್ಲದಿದ್ದರೆ ಎಣ್ಣೆ ನಿಲ್ಲದು. ಎಣ್ಣೆ ನಿಲ್ಲದಿದ್ದರೆ ಲೋಹವು ಲೋಹವನ್ನು ಕಚ್ಚುತ್ತದೆ. ಸಂಸ್ಕೃತದಲ್ಲಿ ಸ್ನೇಹವೆಂದರೆ ಎಣ್ಣೆಯೂ ಹೌದು, ಒಲುಮೆಯೂ ಹೌದು. ಕನ್ನಡದಲ್ಲಿ ತಿಕ್ಕಾಟವೆಂದರೆ ಉಜ್ಜಾಟವೂ ಹೌದು, ಜಗಳವೂ ಹೌದು. ಪಂಡಿತನಾದವನಿಗೆ ಇಷ್ಟು ಹೇಳದೆ ಮುಂದೆ ಹೋಗಲಾಗದು.

ಸಣ್ಣ ಏರುತಗ್ಗುಗಳು ಎಣ್ಣೆಯ ಪದರದಲ್ಲಿ ಒತ್ತಡವನ್ನು ಹುಟ್ಟಿಸಿ ಎರಡು ಮೇಲ್ಮೈಗಳನ್ನು ಬೇರೆಯಾಗಿ ಹಿಡಿಯಬಲ್ಲವು ಎಂಬ ಸಿದ್ಧಾಂತವು 1966ರಲ್ಲಿ ಪ್ರಕಟವಾಯಿತು. ಘರ್ಷಣಶಾಸ್ತ್ರಕ್ಕೆ ಗ್ರೀಕ್ ಮೂಲದಿಂದ ಟ್ರೈಬಾಲಜಿ ಎಂಬ ಹೆಸರು ಬಂದದ್ದೂ ಅದೇ ವರ್ಷ, ಬ್ರಿಟನ್ನಿನ ಒಂದು ವರದಿಯಲ್ಲಿ. ಮುಂದೆ 1990ರ ದಶಕದಲ್ಲಿ ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಅವರು ಲೇಸರ್ ಕಿರಣದಿಂದ ಲೋಹದ ಮೇಲೆ ಕಣ್ಣಿಗೆ ಸುಲಭವಾಗಿ ಕಾಣದ ಕುಳಿಗಳನ್ನು ಕೊರೆಯುವ ಮಾರ್ಗವನ್ನು ಬೆಳೆಸಿದರು. ಅಗಲ ಸುಮಾರು ಒಂದು ಕೂದಲೆಳೆಯಷ್ಟು, ಆಳ ಅದಕ್ಕಿಂತ ಬಹಳ ಕಡಿಮೆ. ಪ್ರತಿ ಕುಳಿಯೂ ಎಣ್ಣೆಯ ಬಟ್ಟಲು. ಸವೆದ ಲೋಹದ ಪುಡಿಯೂ ಅಲ್ಲಿಯೇ ಅಡಗುತ್ತದೆ. ಇಂತಹ ಪಿಸ್ಟನ್ ಉಂಗುರಗಳಿಂದ ಇಂಧನದ ಖರ್ಚು ಶೇಕಡ 4ರವರೆಗೆ ಇಳಿಯಿತೆಂದು 2009ರಲ್ಲಿ ವರದಿಯಾಯಿತು. ಕುಳಿಯ ಅಳತೆ ತಪ್ಪಿದರೆ ಘರ್ಷಣೆ ಹೆಚ್ಚುವುದೂ ಉಂಟು; ಆದ್ದರಿಂದ ಒರಟುತನವೇ ಶ್ರೇಷ್ಠವೆಂದು ನಾನು ವಾದಿಸುತ್ತಿಲ್ಲ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಉಕ್ಕಿನ ಫಲಕಗಳ ಮೇಲೆ ಬಗೆಬಗೆಯ ಗೀರುಗಳನ್ನು ಮಾಡಿ ಪರೀಕ್ಷಿಸಿದ್ದಾರೆ. ಗೀರಿಗೆ ಅಡ್ಡಲಾಗಿ ಜಾರಿಸಿದಾಗ ಘರ್ಷಣೆ ಹೆಚ್ಚು, ಗೀರಿನ ಗುಂಟ ಜಾರಿಸಿದಾಗ ಕಡಿಮೆ, ದಿಕ್ಕಿಲ್ಲದ ಗೀರುಗಳಲ್ಲಿ ಇನ್ನೂ ಕಡಿಮೆ. ಎಷ್ಟು ಒರಟು ಎಂಬುದಕ್ಕಿಂತ ಎಂತಹ ಒರಟು ಎಂಬುದು ಮುಖ್ಯವೆಂದಾಯಿತು.

ಇದು ನಮ್ಮ ತಾಯಂದಿರಿಗೆ ತೀರ ಹೊಸದೇ? ಬೀಸುವ ಕಲ್ಲು ಸವೆದು ನುಣುಪಾದಾಗ ಅದನ್ನು ಉಳಿಯಿಂದ ಕುಟ್ಟಿಸುತ್ತಿದ್ದರು. ಅಲ್ಲಿ ಕಾಳನ್ನು ಹಿಡಿದು ನುರಿಸಲು ಕಚ್ಚು ಬೇಕು, ಇಲ್ಲಿ ಎಣ್ಣೆಯನ್ನು ಹಿಡಿದು ಜಾರಿಸಲು ಕುಳಿ ಬೇಕು. ಉದ್ದೇಶಗಳು ವಿರುದ್ಧ, ಆದರೆ ಮೇಲ್ಮೈಯನ್ನು ಕೆಲಸಕ್ಕೆ ತಕ್ಕಂತೆ ಕೆತ್ತಬೇಕೆಂಬ ಅರಿವು ಒಂದೇ. ಹಿಟ್ಟಿನ ಗಿರಣಿ ಬಂದ ಮೇಲೆ ಆ ಕುಟ್ಟುವವರ ಕೂಗು ಚಿಮ್ಮನಚೋಡದ ಓಣಿಗಳಲ್ಲಿ ಕೇಳುವುದು ಅಪರೂಪ.

ಶಹಾಬಾದದ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಅದನ್ನು ಸೀಳಿ ಉಜ್ಜುವವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿರುವಾಗ ಘರ್ಷಣೆಯ ಪಾಠವು ಮಂಜುಗಡ್ಡೆಯ ಉದಾಹರಣೆಯಿಂದ ಆರಂಭವಾಗುವುದು ನನಗೆ ಒಪ್ಪಿಗೆಯಿಲ್ಲ. ಶ್ರೀಮಠದ ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಒರಟು ಫರಸಿ, ಒಂದು ಪಾಲಿಶ್ ಫರಸಿ, ಒಂದು ಹಳೆಯ ಬೀಸುವ ಕಲ್ಲು ಮತ್ತು ಗ್ಯಾರೇಜಿನಿಂದ ತಂದ ಸವೆದ ಪಿಸ್ಟನ್ ಉಂಗುರವನ್ನು ಇರಿಸಬೇಕೆಂದು ಬಿನ್ನವಿಸುತ್ತೇನೆ. ಹೆಚ್ಚು ಖರ್ಚಿಲ್ಲ. ಆ ಬಾಲಕನ ಅಂಕವನ್ನು ಮರಳಿ ಕೊಡಿಸಲು ಅಂದು ನನಗೆ ಧೈರ್ಯ ಸಾಲಲಿಲ್ಲ. ಮುಂದಿನ ವರ್ಷ ಅವನು ಶಾಲೆ ಬಿಟ್ಟು ಗಣಿಗೆ ಹೋದನು.