ನಾರುಬೇರಿಗೂ ಲೆಕ್ಕ ಕೇಳೋಣ

ಬಾಣಂತಿಗೆ ಹಾಲು ಹೆಚ್ಚಲೆಂದು ಕೊಡುತ್ತಿದ್ದ ಹಲವು ಮಕ್ಕಳ ತಾಯಿ ಬೇರು ಈಗ ಶತಾವರಿ ಕ್ಯಾಪ್ಸೂಲ್ ಆಗಿ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಕೈ ಸೇರುತ್ತಿದೆ. ಅದರ ಜೊತೆಗೆ ಅಶ್ವಗಂಧ, ಅಶೋಕಾರಿಷ್ಟ, ಸೋಯಾ ಮಾತ್ರೆ, ಉತ್ತರ ಅಮೆರಿಕದ ಕಾಡಿನಿಂದ ಬಂದ ಬ್ಲ್ಯಾಕ್ ಕೊಹೊಶ್. ಜಾಹೀರಾತುಗಳು ಹೇಳುವುದು ಒಂದೇ ಮಾತು: ನೈಸರ್ಗಿಕ, ಆದ್ದರಿಂದ ಅಡ್ಡಪರಿಣಾಮವಿಲ್ಲ.

ಹೆಂಗಸರು ಇತ್ತ ತಿರುಗಿದ್ದಕ್ಕೆ ಕಾರಣವಿದೆ. ಭಾರತದಲ್ಲಿ ಸರಾಸರಿ 46–47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಅದರ ಆಸುಪಾಸಿನ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಏರುವ ಧಗೆ, ಹಾಸಿಗೆ ಒದ್ದೆಯಾಗುವಷ್ಟು ಬೆವರು, ಬಾರದ ನಿದ್ದೆ, ಕೀಲುನೋವು, ಯಾರ ಮುಂದೆಯೂ ಹೇಳಿಕೊಳ್ಳಲಾಗದ ಯೋನಿಯ ಒಣಗುವಿಕೆ. ಮನೆಯಲ್ಲೂ, ಎಷ್ಟೋ ಸಲ ಆಸ್ಪತ್ರೆಯಲ್ಲೂ ಸಿಗುವ ಉತ್ತರ, ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’. ಇದರ ಮೇಲೆ, 2002ರಲ್ಲಿ ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆಯುತ್ತಿದ್ದ ಹಾರ್ಮೋನ್ ಚಿಕಿತ್ಸೆಯ ಅಧ್ಯಯನವನ್ನು ಸ್ತನ ಕ್ಯಾನ್ಸರ್ ಮತ್ತಿತರ ಅಪಾಯ ಕಂಡುಬಂದು ನಡುವೆಯೇ ನಿಲ್ಲಿಸಿದ ಸುದ್ದಿ ಲೋಕವನ್ನೆಲ್ಲ ಹೆದರಿಸಿತು. ಹಾರ್ಮೋನ್ ಬಿಟ್ಟವರಿಗೆ ಗಿಡಮೂಲಿಕೆಯೇ ದಾರಿಯಾಗಿ ಕಂಡಿತು.

ಆದರೆ ಈ ದಾರಿ ಎಲ್ಲಿಗೆ ಮುಟ್ಟಿಸುತ್ತದೆ? ಅಗಸೆಯ ಉದಾಹರಣೆಯನ್ನೇ ನೋಡಬಹುದು. ಉತ್ತರ ಕರ್ನಾಟಕದ ಊಟದಲ್ಲಿ ಅಗಸಿ ಹಿಂಡಿಯಾಗಿ ಬರುವ ಈ ಬೀಜದಲ್ಲಿ ಸ್ತ್ರೀ ಹಾರ್ಮೋನ್ ಆದ ಈಸ್ಟ್ರೋಜೆನ್‌ನ ಕೆಲಸವನ್ನು ಅಲ್ಪಸ್ವಲ್ಪ ಅನುಕರಿಸುವ ಲಿಗ್ನಾನ್ ಇದೆ. ಅಮೆರಿಕದಲ್ಲಿ ಧಗೆಯಿಂದ ಬಳಲುತ್ತಿದ್ದ 188 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಗಸೆ ಬೆರೆಸಿದ ತಿನಿಸು, ಇನ್ನೊಂದಕ್ಕೆ ಅಗಸೆ ಇಲ್ಲದ, ನೋಡಲು ಹಾಗೆಯೇ ಇರುವ ತಿನಿಸನ್ನು ಆರು ವಾರ ಕೊಟ್ಟರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಗಸೆ ತಿಂದವರಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಂದಿಗೆ ಧಗೆ ಅರ್ಧಕ್ಕರ್ಧ ಇಳಿದಿತ್ತು. ಅಗಸೆ ತಿನ್ನದವರಲ್ಲೂ ಹೆಚ್ಚುಕಡಿಮೆ ಅಷ್ಟೇ ಮಂದಿಗೆ ಇಳಿದಿತ್ತು!

‘ನನಗೆ ಗುಣವಾಯಿತು’ ಎಂದು ಪಕ್ಕದ ಮನೆಯಾಕೆ ಹೇಳುವುದು ಸುಳ್ಳಲ್ಲ. ಗುಣವಾದದ್ದು ಬೇರಿನಿಂದಲೇ ಎಂಬುದಕ್ಕೆ ಮಾತ್ರ ಅದು ಸಾಕ್ಷಿಯಾಗದು. ಬ್ಲ್ಯಾಕ್ ಕೊಹೊಶ್ ಕುರಿತ 16 ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಕೊಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಅದನ್ನು ಬೆಂಬಲಿಸಲು ಪುರಾವೆ ಸಾಲದು ಎಂದಿತು. ಸೋಯಾದ ಪಾಡು ಸ್ವಲ್ಪ ವಾಸಿ. ಹಗಲಿನ ಧಗೆಯನ್ನು ಒಂದಿಷ್ಟು ತಗ್ಗಿಸಬಹುದು ಎಂದು ಕೆಲವು ಅಧ್ಯಯನಗಳು ಹೇಳುತ್ತವೆ, ರಾತ್ರಿಯ ಬೆವರಿಗೆ ಪ್ರಯೋಜನ ಕಂಡಿಲ್ಲ. ಅಶ್ವಗಂಧ, ಶತಾವರಿಗಳ ಮೇಲೆ ನಡೆದ ಪ್ರಯೋಗಗಳು ಸಣ್ಣವು, ಕೆಲವೇ ವಾರಗಳವು.

ಅಡ್ಡಪರಿಣಾಮವಿಲ್ಲ ಎಂಬ ಮಾತಂತೂ ನಿಲ್ಲುವುದಿಲ್ಲ. ಬ್ಲ್ಯಾಕ್ ಕೊಹೊಶ್‌ನಿಂದ ಯಕೃತ್ತಿಗೆ ಹಾನಿಯಾಗಬಹುದೆಂಬ ಎಚ್ಚರಿಕೆಯನ್ನು ಆಸ್ಟ್ರೇಲಿಯಾದಲ್ಲಿ ಡಬ್ಬಿಯ ಮೇಲೆಯೇ ಮುದ್ರಿಸಬೇಕು. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು. ಅದು ಅತಿಯಾಯಿತು ಎನ್ನುವವರಿರಬಹುದು. ಆದರೂ ಅಶ್ವಗಂಧದಿಂದ ಥೈರಾಯ್ಡ್ ಹಾರ್ಮೋನ್ ಏರಬಹುದೆಂಬುದನ್ನು ಥೈರಾಯ್ಡ್ ಮಾತ್ರೆ ನುಂಗುವ ನಮ್ಮ ಹೆಂಗಸರಿಗೆ ಯಾರಾದರೂ ಹೇಳಲೇಬೇಕು.

ಇನ್ನು ಅಶೋಕಾರಿಷ್ಟಕ್ಕೆ ಬೇಕಾದ ಅಶೋಕದ ತೊಗಟೆ. ಬೆಂಗಳೂರಿನ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ಮಾರುಕಟ್ಟೆಯ ಕಚ್ಚಾ ಮಾಲನ್ನು ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ, ಅಶೋಕವೆಂದು ಮಾರುತ್ತಿದ್ದ ಮಾದರಿಗಳಲ್ಲಿ ಶೇ 80ರಷ್ಟು ಅಶೋಕವೇ ಆಗಿರಲಿಲ್ಲ. ರಸ್ತೆ ಬದಿಯ ಕಂಬದ ಅಶೋಕ ಬೇರೆಯೇ ಮರ, ಅದರ ತೊಗಟೆಯೂ ಬೆರಕೆಗೆ ಬಳಕೆಯಾಗುತ್ತದೆ. ಗ್ರಂಥದಲ್ಲಿ ಬರೆದ ಗುಣ ಎಷ್ಟೇ ನಿಜವಿದ್ದರೂ ಬಾಟಲಿಯೊಳಗೆ ಆ ಮರವೇ ಇಲ್ಲದಿದ್ದರೆ ಏನು ಬಂತು?

ಇದು ಆಯುರ್ವೇದವನ್ನು ಹಳಿಯುವ ಮಾತಲ್ಲ. ಶಾಸ್ತ್ರೀಯ ಔಷಧಗಳಿಗೆ ಗ್ರಂಥದ ಆಧಾರವಿದ್ದರೆ ನಮ್ಮಲ್ಲಿ ಪರವಾನಗಿ ಸಿಗುತ್ತದೆ, ರೋಗಿಗಳ ಮೇಲೆ ಹೊಸದಾಗಿ ಪರೀಕ್ಷೆ ಮಾಡಿ ತೋರಿಸಬೇಕಿಲ್ಲ. ಈ ರಿಯಾಯಿತಿಯಿಂದ ಲಾಭ ತಯಾರಕರಿಗೆ, ನಷ್ಟ ಹೆಂಗಸರಿಗೆ. ಔಷಧವೆಂದು ಮಾರುವುದಾದರೆ ದೊಡ್ಡ ಪ್ರಯೋಗ ನಡೆಸಲಿ, ಪ್ರತಿ ಬ್ಯಾಚಿನ ಸರಕಿನಲ್ಲೂ ಅಸಲಿ ಮೂಲಿಕೆ ಇದೆಯೆಂದು ರುಜುವಾತು ಮಾಡಲಿ. ಅಗಸಿ ಹಿಂಡಿ, ಸೋಯಾ ಕಾಳು ಊಟದ ತಟ್ಟೆಯಲ್ಲಿ ಧಾರಾಳವಾಗಿ ಇರಲಿ, ಅವುಗಳಿಂದ ಬೇರೆ ಒಳಿತುಗಳಿವೆ.

ವೈದ್ಯರದ್ದೂ ಒಂದು ಬಾಕಿ ಇದೆ. 2002ರ ಅಧ್ಯಯನದಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63. ಅರವತ್ತರೊಳಗಿನ, ಮುಟ್ಟು ನಿಂತು ಹತ್ತು ವರ್ಷ ದಾಟದ ಆರೋಗ್ಯವಂತ ಮಹಿಳೆಯರಲ್ಲಿ ಹಾರ್ಮೋನ್ ಚಿಕಿತ್ಸೆಯ ಲಾಭವೇ ಸಾಮಾನ್ಯವಾಗಿ ಹೆಚ್ಚು ಎಂಬುದು ಇಂದಿನ ತಜ್ಞರ ನಿಲುವು. ಹಾರ್ಮೋನ್ ಕೂಡದವರಿಗೆ ಬೇರೆ ಮಾತ್ರೆಗಳೂ ಇವೆ. ಈ ವಿಷಯವನ್ನು ಎದುರು ಕೂತ ಹೆಂಗಸಿಗೆ ಬಿಡಿಸಿ ಹೇಳಲು ಹತ್ತು ನಿಮಿಷ ಕೊಟ್ಟರೆ ಸಾಕು.

ಯಾವುದೇ ಪುಡಿ, ಅರಿಷ್ಟ, ಮಾತ್ರೆ ಸೇವಿಸುತ್ತಿದ್ದರೆ ಡಬ್ಬಿಯನ್ನೇ ವೈದ್ಯರ ಬಳಿ ಕೊಂಡೊಯ್ದು ತೋರಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಒಂದು ಸಲ ರಕ್ತ ಕಂಡರೂ ಮನೆಮದ್ದಿಗೆ ಕೈಹಾಕದೆ ಪರೀಕ್ಷೆ ಮಾಡಿಸಿಕೊಳ್ಳಿ. ಅದು ಗರ್ಭಕೋಶದ ಕ್ಯಾನ್ಸರ್‌ನ ಮೊದಲ ಸೂಚನೆಯಾಗಿರಬಹುದು, ಬೇಗ ತಿಳಿದರೆ ವಾಸಿ ಮಾಡಬಹುದು.